ಭಟ್ಟಿಯ ಹೊಗೆ

ಬೆಳಿಗ್ಗೆ ಮಲ್ಲಿಕಮ್ಮ ಹೊಲಕ್ಕೆ ಬಂದಾಗ ತೊಗರಿ ಸಾಲುಗಳ ನಡುವೆ ನೆಲವೆಲ್ಲ ಹಳದಿಯಾಗಿತ್ತು. ಹೂವು ಉದುರಿ ಬಿದ್ದಿತ್ತು. ಹೊತ್ತೇರಿದರೂ ಮಂಜು ಕರಗಿರಲಿಲ್ಲ. ಉಸಿರೆಳೆದರೆ ಗಂಟಲಿಗೆ ಹೊಗೆಯ ಕಹಿ.

ಅವಳು ನೇರವಾಗಿ ಶಹಾಪುರದ ಗುಡ್ಡದ ಬುಡದಲ್ಲಿದ್ದ ಪಾರ್ವತಿಬಾಯಿಯ ಸುಣ್ಣದ ಭಟ್ಟಿಗೆ ಹೋದಳು. ನಿಜಾಮರ ರಾಜ್ಯ ಹೋಗಿ ಹೊಸ ಸರ್ಕಾರ ಬಂದ ಮೇಲೆ ಕಚೇರಿ, ಶಾಲೆ ಎಂದು ಕಟ್ಟಡಗಳು ಏಳುತ್ತಿದ್ದವು. ಪಾರ್ವತಿಬಾಯಿಯ ಎರಡು ಭಟ್ಟಿಗಳಿಗೂ ಬಿಡುವಿರಲಿಲ್ಲ.

"ಅವ್ವಾರ, ಸ್ವಲ್ಪ ದಿನ ಭಟ್ಟಿ ನಿಲ್ಲಸ್ರಿ. ನನ್ನ ತೊಗರಿ ಹೂವೆಲ್ಲಾ ಉದುರ್ಯಾವ."

"ಮಂಜಿಗೆ ಉದುರ್ಯಾವ. ಮಂಜು ನಾ ತಂದೀನೇನು?"

ಶಾಲೆಯ ಸುಣ್ಣ ಕೇಳಲು ಬಂದಿದ್ದ ಮಾಸ್ತರಿಣಿ ಅಖ್ತರಬೇಗಂ ತಡೆಯಲಾರದೆ ಹೇಳಿದಳು: "ಹೊಗಿಯೊಳಗಿನ ಸಣ್ಣ ಕಣ ಗಾಳ್ಯಾಗ ತೇಲ್ತಾವ್ರಿ. ಅದರ ಮ್ಯಾಲೆ ನೀರಿನ ಪಸಿ ಕುಂತು ಮಂಜು ದಟ್ಟ ಆಗ್ತದ. ಬಿಸಲು ನೆಲಕ್ಕ ಮುಟ್ಟಂಗಿಲ್ಲ. ನೆಲ ಕಾಯಲಿಲ್ಲಂದ್ರ ಮಂಜು ಹೋಗಂಗಿಲ್ಲ."

"ಸುಣ್ಣ ಬೇಕಂತ ಬಂದಾಕಿ ನೀವಽ, ಬೆಂಕಿ ಬ್ಯಾಡ ಅನ್ನಾಕಿನೂ ನೀವಽ. ಹೊಗಿ ಮ್ಯಾಲೆ ಹೋಗ್ತದ. ಮುಗಲಿನ್ಯಾಗ ಜಾಗಾ ಕಡಿಮಿ ಅದೇನು?"

ಸುಣ್ಣ ಬೇಕಾದದ್ದು ನಿಜವೇ. ಅಖ್ತರಬೇಗಂಳ ಶಾಲೆಯ ಮಕ್ಕಳು ಕಟ್ಟಡವಿಲ್ಲದೆ ದನದ ಕೊಟ್ಟಿಗೆಯಲ್ಲಿ ಕೂತು ಓದುತ್ತಿದ್ದರು. ಆದರೂ ಅವಳೆಂದಳು: "ಹೋಗ್ತದೋ ಇಲ್ಲೋ, ಗುಡ್ಡ ಹತ್ತಿ ನೋಡೂಣು ಬರ್ರಿ."

ಅರ್ಧ ಗುಡ್ಡ ಏರುತ್ತಲೇ ಪಾರ್ವತಿಬಾಯಿ, ಅಖ್ತರಬೇಗಂ ಇಬ್ಬರೂ ತಟ್ಟನೆ ಮಂಜಿನಿಂದ ಹೊರಬಂದರು. ಮೇಲೆ ನಿರ್ಮಲ ಆಕಾಶ, ಬೆನ್ನಿಗೆ ಹಿತವಾದ ಬಿಸಿಲು. ದೂರದ ಸುರಪುರದ ದಿಕ್ಕಿನ ಹೊಲಗಳು ಬೆಳಗುತ್ತಿದ್ದವು. ಅವರ ಕಾಲ ಕೆಳಗೆ ಮಾತ್ರ ಕಂದು ಬಣ್ಣದ ಪದರವೊಂದು ಕೊಳೆತ ನೀರಿನಂತೆ ನಿಂತಿತ್ತು. ಉರಿಯುತ್ತಿದ್ದ ಭಟ್ಟಿಯ ಹೊಗೆ ನೆಟ್ಟಗೆ ಎದ್ದು, ಏನೋ ತಲೆಗೆ ಬಡಿದಂತೆ ಬಾಗಿ, ಅಡ್ಡಡ್ಡ ಹರಡಿ ಮತ್ತೆ ಊರಿನ ಮೇಲೆಯೇ ಇಳಿಯುತ್ತಿತ್ತು. ಪಾರ್ವತಿಬಾಯಿ ತನ್ನ ಮನೆಯ ಮಾಳಿಗೆ ಹುಡುಕಿದಳು. ಕಾಣಲಿಲ್ಲ. ಆ ಪದರದೊಳಗಿನಿಂದ ಯಾರೋ ಕೆಮ್ಮುವುದು ಕೇಳಿತು. ನಿಲ್ಲಲಿಲ್ಲ. ಇನ್ನೊಂದು ಕಡೆಯಿಂದ ಮತ್ತೊಬ್ಬರು ಕೆಮ್ಮಿದರು.

"ಯಾವಾಗಿಂದ ಹಿಂಗದ?" ಪಾರ್ವತಿಬಾಯಿ ಕೇಳಿದಳು.

"ಚಳಿ ಬಿದ್ದಾಗಿಂದ್ರಿ. ಕೆಳಗ ತಣ್ಣನ ಗಾಳಿ, ಮ್ಯಾಲೆ ಬೆಚ್ಚನ ಗಾಳಿ ಮುಚ್ಚಳದಂಗ ಕುಂತದ, ಹೊಗಿ ಏರಂಗಿಲ್ಲ."

ಅವರು ಕೆಳಗಿಳಿದು ಬಂದಾಗ ಆಳು ಹುಲಗಪ್ಪ ಎರಡನೆಯ ಭಟ್ಟಿಗೆ ಕಲ್ಲು, ಕಟ್ಟಿಗೆ ತುಂಬಿ ಕೊಳ್ಳಿ ಹಿಡಿದು ನಿಂತಿದ್ದ.

"ಹಚ್ಚಬ್ಯಾಡೋ. ಗಾಳಿ ಬೀಸೋ ಬ್ಯಾಸಗ್ಯಾಗ ನೋಡೂಣು."

"ಶಾಲಿ ಸುಣ್ಣ, ಅವ್ವಾರ?"

ಪಾರ್ವತಿಬಾಯಿ ಅಖ್ತರಬೇಗಂಳತ್ತ ನೋಡಿದಳು. ಅವಳು "ಬ್ಯಾಸಗಿ ತನಕ ತಡೀತೀವ್ರಿ," ಅಂದಳು.

"ಮತ್ತ ಆ ಉರಿಯೋದು? ಆರಸಾಕ ಬರತದೇನು?"

"ಕಲ್ಲು ಕೆಂಡ ಆಗ್ಯಾವ್ರಿ. ಅದು ತಾನಽ ಆರಬೇಕು."

ಪಾರ್ವತಿಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ತುಂಬಿದ ಭಟ್ಟಿಯಿಂದ ಕಟ್ಟಿಗೆಯ ದಿಮ್ಮಿಯೊಂದನ್ನು ಎಳೆದಳು. ಇನ್ನೊಂದು ತುದಿಯನ್ನು ಕೆಳಗೇ ಕಾಯುತ್ತಿದ್ದ ಮಲ್ಲಿಕಮ್ಮ ಹಿಡಿದಳು. ಪಕ್ಕದ ಭಟ್ಟಿಯ ಹೊಗೆ ಅವರ ತಲೆಯ ಮೇಲೆ ಏರಿ, ಬಾಗಿ, ನಿಧಾನವಾಗಿ ಅವರ ಮೇಲೆಯೇ ಇಳಿಯತೊಡಗಿತು.