ತಳದ ಮೇಣ

ನಾನು ಒಂದು ಸೀಸದ ಗುಂಡು. ಗಂಗೊಳ್ಳಿಯ ಒಬ್ಬ ಕಮ್ಮಾರ ನನ್ನನ್ನು ಮರಳಿನ ಅಚ್ಚಿನಲ್ಲಿ ಎರಕ ಹೊಯ್ದ. ತಲೆಯಲ್ಲಿ ಹಗ್ಗ ಕಟ್ಟಲು ತೂತು, ತಳದಲ್ಲಿ ಒಂದು ಸಣ್ಣ ಗುಳಿ. ನನ್ನ ಬದುಕೆಲ್ಲ ಆ ಗುಳಿಯಲ್ಲೇ ಇತ್ತು ಅಂದರೂ ಸೈ.

ಬಚ್ಚ ಮರಕಾಲರು ನನ್ನನ್ನು ತಮ್ಮ ಮಂಜಿಗೆ ತಂದರು. ಮಂಜಿ ಅಂದರೆ ಹಾಯಿ ಕಟ್ಟಿದ ಸರಕಿನ ಹಡಗು. ಅವರು ಅದನ್ನು ನಡೆಸುವ ತಾಂಡೇಲರು. ಹೋಗುವಾಗ ಹಂಚು, ಬರುವಾಗ ಉಪ್ಪು. ಮಬ್ಬು ಕವಿದು ದಡ ಕಾಣದಿದ್ದರೆ ನನ್ನ ಗುಳಿಗೆ ಹೊಸ ಮೇಣ ಮೆತ್ತಿ ನೀರಿಗೆ ಬಿಡುವರು. ತಳದ ಮಣ್ಣು ಮೇಣಕ್ಕೆ ಅಂಟಿ ಬರುವುದು. ತಾಂಡೇಲರು ಅದನ್ನು ನಾಲಿಗೆಗೆ ಮುಟ್ಟಿಸಿ, ಹಡಗು ಎಲ್ಲಿದೆ ಎಂದು ಹೇಳುವರು. ಕಪ್ಪು ಕೆಸರಾದರೆ ಅಳಿವೆಯ ದಾರಿ, ಮರಳಾದರೆ ಹಡಗು ಸಿಕ್ಕಿಬೀಳುವ ದಿಬ್ಬ.

ಒಂದು ಬೆಳಿಗ್ಗೆ ಊರ ಅಳಿವೆಯಲ್ಲೇ ಮಬ್ಬು. ಮೊದಲ ಸಲ ಬಿಟ್ಟಾಗ ಕೆಸರು ತಂದೆ. ಸ್ವಲ್ಪ ಮುಂದೆ ಹೋದ ಮೇಲೆ ತಾಂಡೇಲರು, "ಇನ್ನೊಂದ್ ಸಲ ಬಿಡಾ ಹೆರಿಯ" ಅಂದರು. ಹೆರಿಯ ಹಗ್ಗ ಹಿಡಿಯುವ ಆಳು. ಊರು ಬಂತಲ್ಲ ಅಂತ ಮೇಣ ಬದಲಿಸದೆ ಹಾಗೇ ಬಿಟ್ಟ. ಕೆಳಗೆ ಮರಳಿತ್ತು. ಕೆಸರು ಮೆತ್ತಿದ್ದ ಹಳೇ ಮೇಣಕ್ಕೆ ಅದು ಅಂಟಲಿಲ್ಲ. ತಾಂಡೇಲರು ಮೊದಲಿನ ಕೆಸರನ್ನೇ ಮತ್ತೆ ರುಚಿ ನೋಡಿ, "ದಾರಿ ಸಮ ಇತ್ತ್, ನಡಿ" ಅಂದರು.

ಮಂಜಿ ದಿಬ್ಬಕ್ಕೆ ಹತ್ತಿ ಒಡೆಯಿತು. ಜನ ಈಜಿ ದಡ ಸೇರಿದರು, ಉಪ್ಪು ಕಡಲಿಗೇ ಹೋಯಿತು. ಹೆರಿಯ ನನ್ನನ್ನು ಕಂಕುಳಲ್ಲಿ ಅವುಚಿಕೊಂಡು ಬಂದ. ಪ್ರೀತಿಗಲ್ಲ, ನನ್ನ ತಳ ಯಾರಿಗೂ ಕಾಣಬಾರದು ಅಂತ. ಬಚ್ಚಣ್ಣನ ನಾಲಿಗೆ ಸತ್ತಿದೆ ಅಂತ ಊರು ಆಡಿಕೊಂಡಿತು. ಮತ್ತೆ ಯಾರೂ ಅವರಿಗೆ ಹಡಗು ಕೊಡಲಿಲ್ಲ.

ನಲವತ್ತು ವರ್ಷ ನಾನು ಹೆರಿಯನ ಮನೆ ಬಾಗಿಲಿಗೆ ಒತ್ತಾಗಿ ಕೂತೆ, ತಳ ನೆಲಕ್ಕೆ ಊರಿ. ಮಂಜಿಗಳು ಹೋದವು, ಬೋಟುಗಳು ಬಂದವು. ಕಳೆದ ಚಳಿಗಾಲ ಘಟ್ಟದ ಮೇಲಿಂದ ಬಚ್ಚ ಮರಕಾಲರ ಮಗಳು ಅಕ್ಕಣಿ ಹಳೇ ಬಂದರು ನೋಡಲು ಬಂದಳು. ಹೆರಿಯನ ಮನೆಗೂ ಬಂದು ಹೊಸ್ತಿಲಲ್ಲೇ ನಿಂತಳು.

"ಇದ್ ಅಪ್ಪಯ್ಯನ ಗುಂಡ್ ಅಲ್ದಾ ಹೆರಿಯಣ್ಣ? ನಿನ್ ಬಾಗ್ಲಿಗೆ ಊರಂಗೆ ಬೇರೆ ಕಲ್ಲೇ ಸಿಕ್ಲಿಲ್ಯಾ?"

ಹೆರಿಯ ನಗಲಿಲ್ಲ. ಅವಳು ಬಗ್ಗಿ ನನ್ನ ತಲೆ ಸವರಿದಳು. "'ಸಾರಿಗೆ ಉಪ್ಪ್ ಸಾಕಾ ಅಪ್ಪಯ್ಯ' ಅಂದ್ರೆ, 'ನನ್ ನಾಲ್ಗಿ ಹತ್ರ ಕೇಣ್ಬೇಡ ಮಗಾ' ಅಂತಿದ್ರ್. ಸಾಯೂವರೆಗೂ."

ಹೆರಿಯ ನನ್ನ ಪಕ್ಕ ಕೂತ. ನನ್ನನ್ನು ಮಗುಚಿದ. ಗುಳಿಯಲ್ಲಿ ಮೇಣ ಕಲ್ಲಾಗಿತ್ತು. "ಅವ್ರ್ ನಾಲ್ಗಿ ತಪ್ಲಿಲ್ಲ ಅಕ್ಕಣಿ. ಮೇಣ ನಾನ್ ಬದಲ್ಸ್ಲಿಲ್ಲ."

ಅವಳು ಗುಳಿಯ ಮೇಣವನ್ನು ಉಗುರಿನಿಂದ ಮುಟ್ಟಿ ನೋಡಿದಳು. ಆಮೇಲೆ ಬಂದರಿನ ಧಕ್ಕೆಯ ಕಟ್ಟೆ ಮೇಲೆ ಬಲೆ ಹೆಣೆಯುತ್ತಿದ್ದ ಮುದುಕರತ್ತ ಕೈ ತೋರಿಸಿದಳು. "ನಂಗೊಬ್ಳಿಗೇ ಹೇಳ್ರೆ ಸಾಲ್ದ್. ಅವ್ರಿಗೆ ಹೇಳ್."

ಹೆರಿಯ ನನ್ನನ್ನು ಹೊತ್ತುಕೊಂಡು ಹೋಗಿ ಹೇಳಿದ. ಬಲೆ ಹೆಣೆಯುವ ಕೈಗಳು ನಿಂತವು. "ನಾವ್ ಬಚ್ಚಣ್ಣಂಗೆ ಎಂತೆಂತದ್ ಅಂದ್ವಲೆ ಮಾರಾಯ" ಅಂದ ಒಬ್ಬ.

ಅಕ್ಕಣಿ ತಲೆಯ ಪಿನ್ನು ತೆಗೆದು ಗುಳಿಯ ಮೇಣವನ್ನೆಲ್ಲ ಕೆರೆದು ನೀರಿಗೆ ಬಿಟ್ಟಳು.

ಮಧ್ಯಾಹ್ನ ಹೆರಿಯನ ಹೆಂಡತಿ ಮೀನುಸಾರು ಬಡಿಸಿ, ಉಪ್ಪು ಸಾಕಾ ಅಂತ ಕೇಳಿದಳು. ಅಕ್ಕಣಿ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. "ಸಾಕ್. ಅಪ್ಪಯ್ಯನ್ನ ಕೇಂಡಿದ್ರೂ ಸಾಕ್ ಅಂತಿದ್ರ್."

ಈಗ ಬಾಗಿಲಿಗೆ ಒಂದು ಕಲ್ಲು ಬಂದಿದೆ. ನಾನು ಕಿಟಕಿಯ ಹಲಗೆಯ ಮೇಲೆ ಮಲಗಿದ್ದೇನೆ, ಖಾಲಿ ಗುಳಿ ಕಡಲಿನ ಕಡೆಗೆ.