ನಾಲ್ಕು ಗಂಟೆಯ ಗೆರೆ

"ಪಾಸ್‌ಪೋರ್ಟ್ ಫೋಟೋ ಅಲ್ಲ ಮಾವ, ಸ್ವಲ್ಪ ಅಲ್ಲಾಡಿ," ಎಂದಳು ಸೊಸೆ.

ಮನೆ ದಲ್ಲಾಳಿಗಳಾದ ಮಾವ ಅಲ್ಲಾಡಲಿಲ್ಲ. ಬೀಗ ಹಾಕಿದ ಬಾಗಿಲಿಗೆ ಬೆನ್ನು ಮಾಡಿ, ಎರಡು ಕೈಗಳನ್ನೂ ತೊಡೆಗೆ ಒತ್ತಿಕೊಂಡು ನಿಂತೇ ಇದ್ದರು. ಇಸ್ತ್ರಿ ಮಾಡಿದ ಅಂಗಿಯ ಮೇಲಿನ ಗುಂಡಿ ಕತ್ತನ್ನು ಹಿಡಿಯುತ್ತಿತ್ತು. ಸೊಸೆಯ ಕೈಯಲ್ಲಿ ಒಂದು ಕೋಲು, ಕೋಲಿನ ತುದಿಯಲ್ಲಿ ಫೋನು. ಅವರು ಫೋನನ್ನು ಬಿಟ್ಟು ಅದರ ಹಿಂದಿದ್ದ ಸೊಸೆಯ ಮುಖವನ್ನೇ ನೋಡುತ್ತಿದ್ದರು.

"ಯಾರ ಹತ್ತಿರ ಮಾತಾಡಲಮ್ಮಾ? ಎದುರಿಗೆ ಒಬ್ಬರೂ ಇಲ್ಲ."

"ಇದಾರೆ. ಇದರೊಳಗಿದಾರೆ. ನೂರ ಎಂಬತ್ತು ಜನ ನೋಡ್ತೀವಿ ಅಂದಿದಾರೆ."

"ಒಂದು ಮನೆ ನೋಡೋಕೆ ನೂರ ಎಂಬತ್ತು ಜನವೇ? ಚಪ್ಪಲಿ ಎಲ್ಲಿ ಬಿಡಿಸ್ತೀಯ?"

ಸೊಸೆ ನಕ್ಕಳು. ನಕ್ಕವಳು ಕೂಡಲೇ ಗಡಿಯಾರ ನೋಡಿಕೊಂಡಳು. ಮೂರೂವರೆಗೆ ನೇರ ವಿಡಿಯೋ ಶುರು ಮಾಡುತ್ತೇವೆಂದು ಎರಡು ದಿನದಿಂದ ಅಂತರ್ಜಾಲದ ಪುಟದಲ್ಲಿ ಹಾಕಿದ್ದಳು. ದಲ್ಲಾಳಿಗಳು ಬಾಗಿಲ ಕಡೆ ತಿರುಗಿ, ಚೌಕಟ್ಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿದರು. ಒಳಗೆ ಬರುವವರು ಯಾರೇ ಆಗಲಿ, ನೆಮ್ಮದಿಯಾಗಿರಲಿ ದೇವರೇ. ಬೀಗ ತೆಗೆಯುವ ಮುಂಚೆ ಇಷ್ಟನ್ನು ಬೇಡಿಕೊಳ್ಳದೆ ಅವರು ಯಾವ ಮನೆಯನ್ನೂ ತೆರೆದವರಲ್ಲ.

ಮೂವತ್ತನಾಲ್ಕು ವರ್ಷ ಅವರು ಮನೆ ತೋರಿಸಿದ್ದರು. ಆದರೆ ಮೊದಲ ವರ್ಷ ಬಿಟ್ಟರೆ ಒಂದು ಮನೆಯನ್ನೂ ತಾವೇ ಪೂರ್ತಿ ತೋರಿಸಿರಲಿಲ್ಲ. ಆ ವರ್ಷ ಯಾವುದೋ ಮನೆಯಲ್ಲಿ, "ಅಡುಗೆಮನೆ ಬಹಳ ಅನುಕೂಲವಾಗಿದೆ" ಎಂದು ಇವರು ಹೊಗಳುತ್ತಿದ್ದಾಗ, ಕೊಳ್ಳಲು ಬಂದಿದ್ದ ಹೆಂಗಸು, "ನೀವು ಒಂದು ದಿನವಾದರೂ ಅಡುಗೆ ಮಾಡಿದೀರಾ?" ಎಂದು ಕೇಳಿಬಿಟ್ಟಿದ್ದಳು. ಮನೆಗೆ ಬಂದು ಹೇಳಿದಾಗ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ನಾಳೆಯಿಂದ ನಾನೂ ಬರ್ತೀನಿ ರೀ. ಅಡುಗೆಮನೆ ಹೊಸ್ತಿಲವರೆಗೆ ನಿಮ್ಮದು, ಆಮೇಲೆ ನಂದು. ನೀವು ಒಳಗೆ ಕಾಲಿಟ್ಟರೆ ನೋಡಿ ಮತ್ತೆ!"

ಅಂದಿನಿಂದ ಅದೇ ಪದ್ಧತಿ. ನಡುಮನೆ, ಕೋಣೆ, ಮಹಡಿ ಎಲ್ಲ ತೋರಿಸಿ ಅಡುಗೆಮನೆಯ ಬಾಗಿಲಲ್ಲಿ ಇವರು ನಿಲ್ಲುವರು. "ಇನ್ನು ಇವಳು ತೋರಿಸ್ತಾಳೆ" ಎಂದು ಪಕ್ಕಕ್ಕೆ ಸರಿಯುವರು. ಒಳಗೆ ನಡೆಯುತ್ತಿದ್ದುದು ಇವರಿಗೆ ಮಾತಿನಲ್ಲಿ ಮಾತ್ರ ಗೊತ್ತು. ಆಕೆ ನಲ್ಲಿ ತಿರುಗಿಸಿ ನೀರು ಕುಡಿದು ನೋಡುವಳು. ಮೊದಲೇ ಒಂದು ದಿನ ಬಂದು ಕೂತು, ಯಾವ ಹೊತ್ತಿಗೆ ಬಿಸಿಲು ಎಲ್ಲಿಗೆ ಬರುತ್ತದೆಂದು ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿರುವಳು. "ದಿನಾ ನಾಲ್ಕು ತಾಸು ನಿಲ್ಲೋ ಜಾಗ. ಬೆಳಕು ಎಲ್ಲಿಂದ ಬರುತ್ತೆ ಅಂತ ತಿಳೀದೆ ಹೇಗೆ ಕೊಳ್ತಾರೆ?" ಎನ್ನುವಳು. ಮನೆ ಮಾರಾಟವಾಗಿ ಬೀಗದ ಕೈ ಕೊಡುವ ದಿನ, ಒದ್ದೆ ಬಟ್ಟೆಯಲ್ಲಿ ಆ ಗೆರೆಗಳನ್ನೆಲ್ಲ ತಾನೇ ಒರೆಸಿ ಬರುವಳು. "ಇನ್ನು ಅವರ ಮನೆ, ಅವರ ಬಿಸಿಲು."

ಹೋದ ವರ್ಷ ಆಕೆ ತೀರಿಕೊಂಡಳು. ಮಾರಿಸಿಕೊಡಲು ಆಕೆ ಕೊನೆಗೆ ಒಪ್ಪಿಕೊಂಡು ಬಂದಿದ್ದ ಮನೆ ಇದೇ. ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುತ್ತಿದ್ದ ಹೆಂಗಸಿನದು. ಮೊಣಕಾಲು ಸೋತು, ಹೊಲಿಗೆ ನಿಲ್ಲಿಸಿ, ಆಕೆ ತಂಗಿಯ ಮನೆ ಸೇರಿದ್ದಳು. ಕೆಡವಿ ಫ್ಲ್ಯಾಟ್ ಕಟ್ಟುವವರು ಆಗಲೇ ಕೇಳಿಕೊಂಡು ಬಂದಿದ್ದರು. "ಕೆಡವೋರಿಗೆ ಬೇಡ," ಎಂದು ಟೈಲರಮ್ಮ ಹೇಳಿದಾಗ ದಲ್ಲಾಳಿಗಳ ಹೆಂಡತಿ ಆಕೆಯ ಕೈ ಹಿಡಿದು, "ಒಲೆ ಹಚ್ಚೋರಿಗೇ ಕೊಡಿಸ್ತೀನಿ, ಆಯ್ತಾ?" ಎಂದಿದ್ದಳು. ಹದಿನೈದು ದಿನಕ್ಕೆ ಹೆಂಡತಿ ಹೋಗಿ, ಆ ಮಾತು ಇವರ ತಲೆಯ ಮೇಲೆ ಬಿತ್ತು.

ಹತ್ತೂವರೆ ತಿಂಗಳಲ್ಲಿ ಇಪ್ಪತ್ತು ಮಂದಿಗೆ ತೋರಿಸಿದ್ದರು. ಅಡುಗೆಮನೆಗೆ ಅವರನ್ನೇ ಕಳಿಸಿ ತಾವು ಹೊಸ್ತಿಲಲ್ಲಿ ನಿಲ್ಲುತ್ತಿದ್ದರು. ಒಳಗೆ ಹೋದವರು ಒಂದು ಸುತ್ತು ನೋಡಿ, ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದರು. ಹೋದ ವಾರ ಟೈಲರಮ್ಮನೇ ಫೋನು ಮಾಡಿದಳು. "ಅಣ್ಣಾ, ಈ ತಿಂಗಳು ಪೂರ್ತಿ ಕಾಯ್ತೀನಿ. ಆಮೇಲೆ ನನ್ನ ಕೈಲಿ ಏನೂ ಇಲ್ಲ, ತಂಗಿ ಗಂಡ ಹೇಳ್ದಂಗೆ ಕೆಡವೋರಿಗೇ ಕೊಡಬೇಕು."

ಆಗ ಸೊಸೆ ಅತ್ತೆಯ ಹಳೆಯ ನೋಟುಬುಕ್ಕನ್ನು ಹೊರಗೆ ತೆಗೆದಳು. ಅದರಲ್ಲಿ ಮೂವತ್ತು ವರ್ಷದ ಫೋನ್ ನಂಬರುಗಳಿದ್ದವು. ಹೆಸರಿನ ಬದಲು, 'ಹಸಿರು ಗೇಟಿನವರು', 'ಅವಳಿ ಮಕ್ಕಳ ತಾಯಿ', 'ಬೆಕ್ಕು ಬಿಟ್ಟು ಹೋದವರು' ಎಂದು ಬರೆದಿತ್ತು. ಇನ್ನೂ ಚಾಲ್ತಿಯಲ್ಲಿದ್ದ ನಂಬರುಗಳನ್ನೆಲ್ಲ ಸೇರಿಸಿ ಅವಳು ಫೋನಿನಲ್ಲಿ ಒಂದು ಗುಂಪು ಮಾಡಿದಳು, ಮಾವನ ದಲ್ಲಾಳಿ ಕಚೇರಿಯ ಹೆಸರಲ್ಲಿ ಪುಟ ತೆರೆದಳು, ದಿನಕ್ಕೊಂದರಂತೆ ಈ ಮನೆಯ ಚಿತ್ರ ಹಾಕಿದಳು. ದಲ್ಲಾಳಿಗಳು ಇದನ್ನೆಲ್ಲ ದೂರದಿಂದ ನೋಡಿ, "ನಿಮ್ಮತ್ತೆ ಇದನ್ನೇ ತರಕಾರಿ ಅಂಗಡಿ ಮುಂದೆ ನಿಂತು ಮಾಡ್ತಿದ್ದಳು," ಎಂದಿದ್ದರು.

"ಶುರು," ಎಂದು ಸೊಸೆ ಪಿಸುಗುಟ್ಟಿದಳು.

ಮೊದಲು ಮಾತು ತಡವರಿಸಿತು. ನಡುಮನೆಗೆ ಬಂದ ಮೇಲೆ ಹಳೆಯ ದಾರಿ ಸಿಕ್ಕಿತು. "ಕುಂದು ಮೊದಲು ಹೇಳಿಬಿಡ್ತೀನಿ. ಈ ಬಾಗಿಲು ಮಳೆಗಾಲದಲ್ಲಿ ಉಬ್ಬಿಕೊಳ್ಳುತ್ತೆ, ಭುಜ ಕೊಟ್ಟು ತಳ್ಳಬೇಕು. ಇಲ್ಲಿ ಹೊಲಿಗೆ ಮಷೀನು ಇತ್ತು, ಅದರ ಕಾಲು ಊರಿ ನೆಲದಲ್ಲಿ ನಾಲ್ಕು ಕುಳಿ ಬಿದ್ದಿದೆ. ಫ್ಯಾನು ಹಳೇದು, ಆದರೆ ಸದ್ದಿಲ್ಲ, ಕೇಳಿ." ಫ್ಯಾನು ಹಾಕಿ ಒಂದು ನಿಮಿಷ ಸುಮ್ಮನೆ ನಿಂತರು. ಪರದೆಯ ಮೇಲೆ ಹೃದಯಗಳು ತೇಲಿ ಮೇಲೇರಿದವು. ಸೊಸೆ ಹೆಬ್ಬೆರಳು ಎತ್ತಿ ತೋರಿಸಿದಳು.

ಅಡುಗೆಮನೆಯ ಬಾಗಿಲಿಗೆ ಬಂದರು.

"ಇನ್ನು ಅಡುಗೆಮನೆ. ಅದನ್ನ ಇವಳು ತೋರಿಸ್ತಾಳೆ," ಎಂದು ಹೇಳಿ ಪಕ್ಕಕ್ಕೆ ಸರಿದರು. ಗೋಡೆಗೆ ಬೆನ್ನು ಒತ್ತಿ, ಒಬ್ಬರು ಹಾದುಹೋಗುವಷ್ಟು ಜಾಗ ಬಿಟ್ಟು, ಹಿಂದಕ್ಕೆ ನೋಡಿದರು.

ಯಾರೂ ಬರಲಿಲ್ಲ.

ಸೊಸೆ ಕೋಲನ್ನು ಅವರ ಕಡೆಗೇ ಹಿಡಿದಿದ್ದಳು. ದಲ್ಲಾಳಿಗಳು ಗೋಡೆಗೆ ಒರಗಿದವರು ಹಾಗೇ ನಿಂತುಬಿಟ್ಟರು. ಪರದೆಯ ಕೆಳಗೆ ಸಾಲುಗಳು ಒಂದೊಂದಾಗಿ ಬಂದವು. 'ನೆಟ್ ಹೋಯ್ತಾ?' 'ನಂಗೂ ವಿಡಿಯೋ ನಿಂತ್ಹೋಗಿದೆ.' 'ಇಲ್ಲಪ್ಪಾ, ಹಿಂದೆ ಫ್ಯಾನ್ ತಿರುಗ್ತಿದೆ ನೋಡಿ.' 'ಯಜಮಾನ್ರಿಗೆ ಹುಷಾರಿಲ್ವಾ?' ಆಮೇಲೆ ಹಸಿರು ಗೇಟಿನವರದೊಂದು ಸಾಲು: 'ಅಮ್ಮ ಬರಲಿ ಬಿಡಿ. ಅವಸರ ಇಲ್ಲ, ಕಾಯ್ತೀವಿ.'

"ಏನಂತಾರಮ್ಮಾ?" ಎಂದು ಅವರು ಕೇಳಿದರು.

ಸೊಸೆ ಓದಿ ಹೇಳಿದಳು.

ದಲ್ಲಾಳಿಗಳು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ಅವಳು ಬರೋದಿಲ್ಲ," ಎಂದರು ಫೋನನ್ನೇ ನೋಡುತ್ತಾ. "ತೀರಿಕೊಂಡಳು. ನಿಮಗೆಲ್ಲ ಹೇಳಿ ಕಳಿಸಬೇಕಿತ್ತು, ಆಗಲಿಲ್ಲ, ತಪ್ಪು ತಿಳೀಬೇಡಿ. ನನಗೆ ಅಡುಗೆಮನೆ ತಿಳಿಯೋದಿಲ್ಲ. ನೋಡ್ತೀನಿ, ತಾಳಿ."

ಹೊಸ್ತಿಲು ದಾಟಿದರು.

ಒಳಗೆ ಮುಚ್ಚಿಟ್ಟ ಮನೆಯ ವಾಸನೆ ಇತ್ತು. ಕಿಟಕಿ ತೆರೆದರು. ನಲ್ಲಿ ತಿರುಗಿಸಿದರು. ಅದು ಕೆಮ್ಮಿ ಕೆಂಪು ನೀರು ಉಗುಳಿತು, ನಿಧಾನವಾಗಿ ತಿಳಿಯಾಯಿತು. ಬೊಗಸೆಯಲ್ಲಿ ಹಿಡಿದು ಕುಡಿದರು. "ಸಿಹಿ ನೀರು," ಎಂದರು. ಕಪ್ಪು ಕಲ್ಲಿನ ಕಟ್ಟೆಯ ಮೇಲೆ ಧೂಳು ಕೂತಿತ್ತು. ಕೈಯಿಂದ ಧೂಳು ಸರಿಸಿದರು. ಕೈ ಅಲ್ಲೇ ನಿಂತಿತು.

ಟೈಲರಮ್ಮ ಬಟ್ಟೆಗೆ ಗುರುತು ಹಾಕುತ್ತಿದ್ದ ನೀಲಿ ಸೀಮೆಸುಣ್ಣದಲ್ಲಿ ಎಳೆದ ಒಂದು ಗೆರೆ. ಪಕ್ಕದಲ್ಲಿ ೪ ಎಂದು ಬರೆದಿತ್ತು. ಹೆಂಡತಿಯ ನಾಲ್ಕಕ್ಕೆ ಬಾಲ ಯಾವಾಗಲೂ ಸ್ವಲ್ಪ ಉದ್ದ.

"ಗಂಟೆ ಎಷ್ಟಮ್ಮಾ?"

"ನಾಲ್ಕಕ್ಕೆ ಇನ್ನೂ ಎಂಟು ನಿಮಿಷ, ಮಾವ."

"ನಾಲ್ಕು ಗಂಟೆಗೆ ಬಿಸಿಲು ಈ ಗೆರೆಗೆ ಬರುತ್ತೆ," ಎಂದು ಅವರು ಫೋನಿಗೆ ಹೇಳಿದರು. "ಅವಳ ಲೆಕ್ಕ ತಪ್ಪೋದಿಲ್ಲ. ಕೆಲಸ ಇದ್ದೋರು ಹೋಗಿ. ಇಲ್ಲದೋರು ಕಾಯಿರಿ."

ಕಿಟಕಿಯಾಚೆ ಎರಡು ಮನೆಗಳ ಗೋಡೆಗಳ ನಡುವಿನ ಸಂದಿಯಿಂದ ಬಿಸಿಲು ಒಂದು ಪಟ್ಟಿಯಾಗಿ ಒಳಗೆ ಬರುತ್ತಿತ್ತು. ಅವರು ಕಟ್ಟೆಯ ಮೇಲೆ ಬೆರಳಿಟ್ಟುಕೊಂಡು ನಿಂತರು. ಸೊಸೆ ಎರಡೂ ಕೈಯಲ್ಲಿ ಕೋಲು ಹಿಡಿದಳು. ನಾಲ್ಕಾಯಿತು. ಬಿಸಿಲು ಗೆರೆಯನ್ನು ಮುಟ್ಟಿರಲಿಲ್ಲ. ಅವರು ಬೆರಳುಗಳನ್ನು ಒಂದರ ಪಕ್ಕ ಒಂದು ಇಟ್ಟು ಅಳೆದರು.

"ಸುಳ್ಳು ಹೇಳೋದು ಬೇಡ. ನಾಲ್ಕು ಬೆರಳು ಕಡಿಮೆ ಬಂತು," ಎಂದರು. ಸ್ವಲ್ಪ ಯೋಚಿಸಿ, "ಅವಳು ನೋಡಿದ್ದು ಬೇರೆ ತಿಂಗಳಲ್ಲಿ," ಎಂದರು.

ಆಮೇಲೆ ಫೋನುಗಳು ಬಂದವು. ಬಹಳ ಮಂದಿ ಆಕೆಯ ವಿಷಯ ಕೇಳಿ ಎರಡು ಮಾತಾಡಿ ಇಟ್ಟರು. ಯಾರೋ, 'ಮನೆ ಮಾರೋಕೆ ಒಳ್ಳೇ ನಾಟಕ' ಎಂದು ಬರೆದಿದ್ದರು. ಸೊಸೆ ಅದನ್ನು ಅಳಿಸಲು ಹೋದಾಗ ದಲ್ಲಾಳಿಗಳು, "ಇರಲಿ ಬಿಡು, ಮನೆ ನೋಡೋಕೆ ಬರೋರಲ್ಲಿ ಎಲ್ಲಾ ಥರದೋರೂ ಇರ್ತಾರೆ," ಎಂದರು. ಮೂರನೆಯ ದಿನ ಒಬ್ಬ ಹೆಂಗಸಿನ ದನಿ ಬಂತು.

"ನಲ್ಲಿ ನೀರು ಮೊದಲು ಕೆಂಪಗೆ ಬಂತಲ್ಲ, ಎಷ್ಟು ಹೊತ್ತು ಬಿಟ್ಟ ಮೇಲೆ ತಿಳಿಯಾಯ್ತು?"

"ಒಂದು ಬಕೆಟ್ಟಿನಷ್ಟು ಹೋಗಿರಬೇಕು."

"ಹಾಗಾದ್ರೆ ಕೊಳವೆ ಹಾಳಾಗಿಲ್ಲ. ಬಂದು ನೋಡ್ತೀನಿ."

ಆಕೆ ಒಂದು ಹಾಸ್ಟೆಲಿನ ಅಡುಗೆಯವಳು. ತಾಯಿಯನ್ನೂ ಕರೆದುಕೊಂಡು ಬಂದಳು. ನಡುಮನೆಯಲ್ಲಿ ನಿಲ್ಲದೆ ನೇರವಾಗಿ ಅಡುಗೆಮನೆಗೆ ಹೋಗಿ, ಕಟ್ಟೆಯ ಎತ್ತರಕ್ಕೆ ಸೊಂಟ ಕೊಟ್ಟು ನೋಡಿದಳು. "ಇಪ್ಪತ್ತೆರಡು ವರ್ಷ ಇನ್ನೂರು ಜನಕ್ಕೆ ಬೇಯಿಸಿ ಹಾಕಿದೀನಿ ಯಜಮಾನ್ರೇ. ನಂದು ಅಂತ ಒಂದು ಒಲೆ ಇಲ್ಲ," ಎಂದಳು. ಅವಳ ತಾಯಿ, "ಇವಳು ಮನೇಲಿ ಅಡುಗೆ ಮಾಡಿದ್ರೂ ಇನ್ನೂರು ಜನಕ್ಕೇ ಮಾಡ್ತಾಳೆ, ತಿನ್ನೋಕೆ ನೀವೂ ಬರಬೇಕು," ಎಂದಳು. ದಲ್ಲಾಳಿಗಳು ಆ ದಿನವೇ ಟೈಲರಮ್ಮನಿಗೆ ಫೋನು ಮಾಡಿ, "ಒಲೆ ಹಚ್ಚೋರು ಸಿಕ್ಕಿದರಮ್ಮಾ," ಎಂದರು. ಆ ಕಡೆ ಟೈಲರಮ್ಮ ತಂಗಿಯನ್ನು ಕೂಗಿ ಕರೆದಳು.

ಕಾಗದಪತ್ರ ಮುಗಿಯಲು ಒಂದೂವರೆ ತಿಂಗಳು ಹಿಡಿಯಿತು. ಬೀಗದ ಕೈ ಕೊಡುವ ದಿನ ದಲ್ಲಾಳಿಗಳು ಅರ್ಧ ಗಂಟೆ ಮುಂಚೆಯೇ ಬಂದರು. ಕೈಯಲ್ಲಿ ಒಂದು ಬಟ್ಟೆ ಇತ್ತು. ಸೊಸೆ ಹಿಂದೆಯೇ ಬಂದಳು. ಫೋನು ಚೀಲದೊಳಗಿತ್ತು.

"ಒರೆಸಲೇಬೇಕಾ ಮಾವ? ಇರಲಿ ಬಿಡಿ ಅಂತ ಕೊಂಡವರೇ ಹೇಳಿದ್ರು."

"ನಿಮ್ಮತ್ತೆ ಯಾವ ಮನೇಲೂ ಬಿಟ್ಟು ಬಂದಿಲ್ಲಮ್ಮಾ."

"ಒಂದು ಫೋಟೋನಾದ್ರೂ..."

ಅವರು ಬೇಡವೆಂಬಂತೆ ಕೈಯಾಡಿಸಿದರು. ಸೊಸೆ ನಡುಮನೆಯಲ್ಲೇ ಉಳಿದಳು. ಅವರು ಬಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದು ಹಿಂಡಿದರು. ಕಟ್ಟೆಯ ಮುಂದೆ ಬಂದು ನಿಂತರು. ಬಿಸಿಲಿನ ಪಟ್ಟಿ ಕಲ್ಲಿನ ಮೇಲೆ ತೆವಳುತ್ತಾ ಬರುತ್ತಿತ್ತು. ಎರಡು ಬೆರಳಿನ ದೂರವಿತ್ತು, ಒಂದು ಬೆರಳಿನಷ್ಟಾಯಿತು. ಹೊರಗೆ ಗೇಟು ಸದ್ದಾಗಿ, ಅಡುಗೆಯವಳ ತಾಯಿ ಯಾರಿಗೋ, "ಮೆಲ್ಲಗೆ, ಮೆಲ್ಲಗೆ ಇಳಿಸಪ್ಪಾ," ಎನ್ನುವುದು ಕೇಳಿಸಿತು.

ಬಿಸಿಲು ಗೆರೆಯನ್ನು ಮುಟ್ಟಿತು. ನೀಲಿ ಬಣ್ಣ ಒಂದು ಕ್ಷಣ ಹೊಸದಾಗಿ ಎಳೆದಂತೆ ಎದ್ದು ಕಂಡಿತು. ಅವರು ಗಡಿಯಾರ ನೋಡಲಿಲ್ಲ. ಬಿಸಿಲು ಗೆರೆಯನ್ನು ದಾಟಿ, ನಾಲ್ಕರ ಉದ್ದ ಬಾಲವನ್ನೂ ದಾಟಿ ಮುಂದೆ ಹೋಗುವವರೆಗೂ ಬಟ್ಟೆ ಹಿಡಿದು ಕಾದರು.

ಆಮೇಲೆ ಒರೆಸಿದರು. ಒದ್ದೆ ಕಲ್ಲು ಹೊಳೆಯಿತು. ನೋಡುತ್ತಿದ್ದಂತೆ ಅಂಚಿನಿಂದ ಒಣಗುತ್ತಾ ಬಂತು. ಅವರು ಬಾಗಿಲಿಗೆ ಬಂದು, ಒಬ್ಬರು ಹಾದುಹೋಗುವಷ್ಟು ಜಾಗ ಬಿಟ್ಟು, ಪಕ್ಕಕ್ಕೆ ಸರಿದು ನಿಂತರು.

"ಬನ್ನಿ ತಾಯೀ," ಎಂದರು.