ಯಾರಿಂದ ಬಂದದ್ದು

ಶುಕ್ರವಾರ ಹೊಸ ಹಾಡುಗಳ ದಿನ. ಸ್ವೀಡನ್ನಿನ ಯಾವ ಮೂಲೆಯಲ್ಲಿ ಯಾರು ಏನೇ ಹಾಡಿ ಮುಗಿಸಿದ್ದರೂ ಅದು ಹೊರಗೆ ಬರುವುದು ಶುಕ್ರವಾರವೇ. ಅವತ್ತು ಇಲ್ವಾ ಎಂಬವಳು ಬೆಳಗ್ಗೆ ಕಾಫಿ ಮಾಡಿಕೊಂಡು, ಹೆಡ್‌ಫೋನ್ ಹಾಕಿಕೊಂಡು ಅಡುಗೆಮನೆಯ ಮೇಜಿನ ಮುಂದೆ ಕೂತರೆ ಮತ್ತೆ ಏಳುವುದು ಕಷ್ಟ. ಶನಿವಾರ ಮಧ್ಯಾಹ್ನ ಯೆಮ್ಟ್‌ಲಾಂಡ್ ಸೀಮೆಯ ಓಸ್ಟರ್‌ಸುಂಡ್‌ನ ಊರ ರೇಡಿಯೊದಲ್ಲಿ ಒಂದು ಗಂಟೆ ಅವಳದು. ವಾರದ ರಾಶಿಯಲ್ಲಿ ಕೇಳುವಂಥವನ್ನು ಆರಿಸಿ ಹಾಕಬೇಕು, ನಡುವೆ ಒಂದೆರಡು ಮಾತು ಹೇಳಬೇಕು.

ಗಂಡ ಹಾಲ್ವರ್ ಸತ್ತ ಮೇಲೂ ಅವಳು ಆ ಕೆಲಸ ಬಿಟ್ಟಿರಲಿಲ್ಲ. ಕೇಳಿದ ಹಾಡು ಒಳ್ಳೆಯದೋ ಅಲ್ಲವೋ ತಕ್ಷಣ ತಿಳಿಯುತ್ತಿತ್ತು, ಕಲ್ಲಂಗಡಿಯನ್ನು ತಟ್ಟಿ ನೋಡುವವರಿಗೆ ತಿಳಿಯುವ ಹಾಗೆ. ತಿನ್ನುವ ಆಸೆ ಮಾತ್ರ ಹೋಗಿತ್ತು. ರೇಡಿಯೊದಲ್ಲಿ ಅವನ ಹೆಸರನ್ನು ಅವಳು ಒಮ್ಮೆಯೂ ಎತ್ತಿರಲಿಲ್ಲ. ಮನೆಯಲ್ಲಿ ಎತ್ತಲು ಯಾರೂ ಇರಲಿಲ್ಲ.

ಆ ಶುಕ್ರವಾರ ಮಾಲ್ಮೋದ ಒಂದು ತಂಡದ ಡ್ರಮ್ಮು ನೆನೆದ ರಟ್ಟಿನ ಹಾಗೆ ಕೇಳಿಸಿತು. ಗೋಟ್‌ಲಾಂಡ್‌ನ ಅಕ್ಕತಂಗಿಯರು ಕುರಿ ಕರೆಯುವ ಕೂಗನ್ನೇ ಹಾಡು ಮಾಡಿದ್ದರು, ಪರವಾಗಿಲ್ಲ. ಬೋರೋಸ್‌ನ ಒಬ್ಬ ಹುಡುಗ, ಕಟ್ಟಡದವರೆಲ್ಲ ಹಂಚಿಕೊಳ್ಳುವ ಬಟ್ಟೆ ಒಗೆಯುವ ಕೋಣೆಯಲ್ಲಿ ತನ್ನ ಸರದಿಯನ್ನು ಪಕ್ಕದ ಮನೆಯವಳು ಹೊಡೆದುಕೊಂಡಳೆಂದು ಅಳುತ್ತಾ ಹಾಡಿದ್ದ. ಅದು ಬೇಕು ಎಂದು ಇಲ್ವಾ ತೆಗೆದಿಟ್ಟಳು. ಮನೆಮನೆಯ ದುಃಖ.

ಆಮೇಲೆ ಸಮುದ್ರ ದಡದ ಉಮಿಯೊದ ಟೀರಾ ಓಸ್ಲುಂಡ್ ಎಂಬ ಹುಡುಗಿಯ ಹಾಡು. ಹೆಸರು ಹೊಸತು. ಬಿಟ್ಟುಹೋದವನ ತಾಯಿ ಅಂಗಡಿಯಲ್ಲಿ ಎದುರಾಗಬಾರದೆಂದು ಹಿತ್ತಿಲ ದಾರಿಯಲ್ಲಿ ಮನೆಗೆ ಹೋಗುವವಳ ಹಾಡು. ಕೀಬೋರ್ಡು, ಮೆತ್ತನೆಯ ತಾಳ, ತೆಳ್ಳನೆಯ ದನಿ. ನಡುವೆ ಎಲ್ಲವೂ ನಿಂತು ಒಂದೇ ಒಂದು ಪಿಟೀಲು ಉಳಿಯಿತು.

ಇಲ್ವಾ ಅದನ್ನು ನಿಲ್ಲಿಸಿದಳು. ಮತ್ತೆ ಹಾಕಿದಳು.

ಮೂರು ಏಟಿನ ಹಳ್ಳಿ ಕುಣಿತದ ಧಾಟಿ, ಪೋಲ್ಸ್ಕಾ ಅದು. ಮೂರನೆಯ ಏಟು ಸ್ವಲ್ಪ ತಡವಾಗಿ ಬೀಳುತ್ತದೆ, ಬಾಗಿಲವರೆಗೆ ಹೋದವನು ಕೈಗವಸು ಮರೆತು ಒಳಗೆ ಬಂದು ಹೋದ ಹಾಗೆ. ಅದು ಹುಟ್ಟಿದ್ದು ಈ ಅಡುಗೆಮನೆಯಲ್ಲೇ. ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದ ಹಾಲ್ವರ್, ಚಳಿಗಾಲದ ಬೆಳಗ್ಗೆ ಹೊರಗೆ ಕಾರಿಗೆ ಕರೆಂಟಿನ ವೈರು ಚುಚ್ಚಿ, ಚಳಿಗೆ ಹೆಪ್ಪುಗಟ್ಟಿದ ಎಂಜಿನ್ ಬಿಸಿಯಾಗುವವರೆಗೆ ಕೋಟು ತೊಟ್ಟುಕೊಂಡೇ ನಿಂತು ಪಿಟೀಲು ನುಡಿಸುತ್ತಿದ್ದ. ಹಾಗೆ ಹುಟ್ಟಿದ್ದಕ್ಕೆ ಹೆಸರೂ ಇಟ್ಟಿರಲಿಲ್ಲ. ಎಲ್ಲಿಯೂ ಧ್ವನಿಮುದ್ರಿಸಿರಲಿಲ್ಲ.

ಹಾಡಿನ ಕೆಳಗೆ ಬರೆದಿತ್ತು: ಪಿಟೀಲಿನ ಭಾಗ, ಯೆಮ್ಟ್‌ಲಾಂಡ್ ಸೀಮೆಯ ಹಳೆಯ ಪೋಲ್ಸ್ಕಾ.

ಇಲ್ವಾ ಬೂಟು ಹಾಕಿಕೊಂಡು ಹೊರಟಳು. ಊರ ಮುಂದಿನ ಸರೋವರ ಇನ್ನೂ ಹೆಪ್ಪುಗಟ್ಟಿತ್ತು. ಸೇತುವೆ ಸುತ್ತು ಎಂದು ಮಂಜುಗಡ್ಡೆಯ ಮೇಲೇ ನಡೆದು ಎದುರಿನ ದ್ವೀಪಕ್ಕೆ ಹೋದಳು. ಹಾಲ್ವರನ ತಾಯಿ ಮೇರ್ತಾ ಅಡುಗೆಮನೆಯಲ್ಲಿ ಮೀನು ಹೆಚ್ಚುತ್ತಿದ್ದಳು. ಸೀಮೆಯಲ್ಲಿ ಪಿಟೀಲು ಹಿಡಿದ ಹೆಂಗಸರೆಂದರೆ ಮೊದಲು ಬರುವ ಹೆಸರು ಅವಳದು.

"ಶುಕ್ರವಾರ ನೀನು ಮನುಷ್ಯರ ಮುಖ ನೋಡಲ್ವಲ್ಲ," ಎಂದಳು ಮೇರ್ತಾ. "ಏನು, ಸ್ವೀಡನ್ನಲ್ಲಿ ಹಾಡೋರು ಖಾಲಿಯಾದ್ರಾ?"

"ಇದನ್ನ ಕೇಳು."

ಮೇರ್ತಾ ಕೈ ಒರೆಸಿಕೊಂಡು ಹೆಡ್‌ಫೋನ್ ಹಾಕಿಕೊಂಡಳು. ಕೇಳಿ ಮುಗಿಸಿ, "ಇನ್ನೊಂದ್ಸಲ ಹಾಕು," ಎಂದಳು. ಆಮೇಲೆ, "ಕಮಾನು ಚೆನ್ನಾಗಿ ಎಳೀತಾಳೆ ಹುಡುಗಿ. ಮೂರನೇ ಏಟು ಬೇಗ ಇಡ್ತಾಳೆ. ಸಮುದ್ರದ ಕಡೆಯೋರಿಗೆ ಯಾವಾಗ್ಲೂ ಆತುರ. ಏನಂತ ಬರೆದಿದಾರೆ?"

"ಹಳೇದು ಅಂತ."

"ಹಳೇದು?"

"ಇನ್ನೂರು ವರ್ಷದ್ದಿರಬೇಕು ಅಂತ ಪತ್ರಿಕೇಲಿ ಒಬ್ಬ ಬರೆದಿದಾನೆ."

ಮೇರ್ತಾಳಿಗೆ ನಗು ಬಂತು. ತಡೆಯಲಾಗದೆ ಚಾಕು ಕೆಳಗಿಟ್ಟಳು. "ನನ್ನ ಮಗ ಇನ್ನೂರು ವರ್ಷದ ಹಿಂದಿನೋನು. ಹಾಗಾದ್ರೆ ನನ್ನ ವಯಸ್ಸು ಲೆಕ್ಕ ಹಾಕು. ಮೀನು ಹೆಚ್ಚೋಕೆ ಬಿಡಬಾರದು ನನ್ನ, ಮ್ಯೂಸಿಯಮ್ಮಿಗೆ ಹಾಕಬೇಕು." ನಗು ಮುಗಿದ ಮೇಲೆ ಕೇಳಿದಳು, "ಅವನ ಹೆಸರು ಎಲ್ಲೂ ಹಾಕಿಲ್ವೇ?"

"ಇಲ್ಲ."

"ಕುದುರೆ ಕದ್ದು ಜೈಲಿಗೆ ಹೋದ ಪಿಟೀಲುಗಾರ ಎರ್ಸ್ಕನ ಹೆಸರು ಇವತ್ತಿಗೂ ಹೇಳ್ತೀವಿ ಕಣೇ. ಕುಡಿದು ಬಾವಿಗೆ ಬಿದ್ದೋನ ಹೆಸರು ಹೇಳ್ತೀವಿ. ನನ್ನ ಮಗನ ಹೆಸರಿಗೇನಾಗಿತ್ತು?"

ಅದು ಉತ್ಪ್ರೇಕ್ಷೆಯ ಮಾತಲ್ಲ. ಈ ಸೀಮೆಯಲ್ಲಿ ಪಿಟೀಲು ಎತ್ತಿದವರು ಮೊದಲು ಹೇಳುವುದು ಇದು ಯಾರಿಂದ ಬಂದದ್ದು ಎಂದು. ಆಮೇಲೆ ನುಡಿಸುವುದು. ಗೋರಿಯ ಮೇಲಿನ ಅಕ್ಷರ ಅಳಿಸಿಹೋದ ಎಷ್ಟೋ ಜನ ಹಾಗೆ ನಾಲಗೆಯ ಮೇಲೆ ಉಳಿದಿದ್ದಾರೆ.

ಇಲ್ವಾ ಅಲ್ಲಿಂದಲೇ ಟೀರಾಳಿಗೆ ಫೋನು ಮಾಡಿದಳು. ರೇಡಿಯೊದವಳು ಎಂದು ತಿಳಿದು ಹುಡುಗಿ ಹಿಗ್ಗಿದಳು. ಅವಳು ಸುಂಡ್ಸ್‌ವಾಲ್‌ನಲ್ಲಿದ್ದಳು, ಸಂಜೆ ಅಲ್ಲಿ ಹಾಡಿ, ನಾಳೆ ಓಸ್ಟರ್‌ಸುಂಡ್ ದಾರಿಯಾಗಿಯೇ ನಾರ್ವೆಗೆ ಹೋಗುವವಳು.

"ಆ ಪೋಲ್ಸ್ಕಾ ಯಾರಿಂದ ಬಂದದ್ದು?" ಎಂದು ಇಲ್ವಾ ಕೇಳಿದಳು.

"ಅಯ್ಯೋ, ಅದನ್ನ ಕೇಳಬೇಡ. ಬೇಸಿಗೆಯ ಪಿಟೀಲು ಮೇಳದಲ್ಲಿ ಕಲಿತದ್ದು. ಕಾರು ನಿಲ್ಲಿಸೋ ಕಡೆ, ಬರ್ಚ್ ಮರದ ಕೆಳಗೆ ಒಂದು ಗುಂಪು ನುಡಿಸ್ತಿತ್ತು. ಒಬ್ಬ ಗಡ್ಡದೋನು ಶುರು ಮಾಡ್ದ, ಎಲ್ಲಾ ಸೇರ್ಕೊಂಡ್ರು. ಯಾರಿಂದ ಬಂದದ್ದು ಅಂತ ಎರಡೆರಡು ಸಲ ಕೇಳ್ದೆ. 'ಹಳೇದು, ಈ ಕಡೇದು' ಅಂದ. ನಿನ್ನ ಹೆಸರಾದ್ರೂ ಹೇಳು ಅಂದ್ರೆ, 'ಹೆಸರು ಯಾಕೆ, ನುಡಿಸು' ಅಂದ."

"ನೀಲಿ ಸ್ವೆಟರಾ?"

"ಹೂಂ. ಮೊಣಕೈ ಹತ್ರ ಹರಿದಿತ್ತು. ನಿಂಗೆ ಹೇಗೆ ಗೊತ್ತು?"

ಹೊಲಿದುಕೊಡುತ್ತೇನೆ ಎಂದು ಇಲ್ವಾ ಆ ಬೇಸಿಗೆಯುದ್ದಕ್ಕೂ ಹೇಳಿದ್ದಳು. "ಅವನು ನನ್ನ ಗಂಡ," ಎಂದಳು. "ಅದು ಅವನೇ ಕಟ್ಟಿದ್ದು. ಈಗ ಅವನಿಲ್ಲ."

ಆ ಕಡೆ ಹುಡುಗಿ ತಡವರಿಸಿದಳು. "ನಾನು ಸುಳ್ಳು ಬರೀಲಿಲ್ಲ."

"ಸುಳ್ಳು ನಿನ್ನದಲ್ಲ. ಅವನು ಹೇಳಿದ್ದು."

ನಾಳೆ ಬೆಳಗಿನ ರೈಲಿಗೇ ಬಂದು ರೇಡಿಯೊದಲ್ಲಿ ನುಡಿಸಿ ಹೋಗುತ್ತೇನೆ ಎಂದು ಟೀರಾ ತಾನಾಗಿಯೇ ಹೇಳಿದಳು. ಫೋನು ಇಟ್ಟಾಗ, ಎಲ್ಲ ಕೇಳಿಸಿಕೊಂಡಿದ್ದ ಮೇರ್ತಾ ಮೀನನ್ನು ಪೂರ್ತಿ ಮರೆತಿದ್ದಳು.

"ಕತ್ತೆ," ಎಂದಳು. "ಕಟ್ಟಿದ್ದು ತಾನು, ಹೇಳಿದ್ದು ಹಳೇದು ಅಂತ. ಯಾಕೆ ಹೇಳ್ದ?"

ಯಾಕೆಂದು ಇಲ್ವಾಳಿಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಒಂದು ಮೇಳದಲ್ಲಿ ಅವನು, ಇದು ನಾನು ಕಟ್ಟಿದ್ದು ಎಂದು ಹೇಳಿ ಬೇರೊಂದನ್ನು ನುಡಿಸಿದ್ದ. ಸುತ್ತ ಇದ್ದ ಹಿರಿಯರು ಪಿಟೀಲುಗಳನ್ನು ತೊಡೆಯ ಮೇಲಿಟ್ಟು ಮರ್ಯಾದೆಯಿಂದ ಕೇಳಿದರು. ಚೆನ್ನಾಗಿದೆ ಎಂದರು. ಯಾರೂ ಜೊತೆಗೂಡಲಿಲ್ಲ. ಹಳೆಯದು ಎಂದರೆ ಎಲ್ಲರದು, ಎಲ್ಲರೂ ಕಮಾನು ಎತ್ತುತ್ತಾರೆ. ನನ್ನದು ಎಂದರೆ ಅದು ಅವನೊಬ್ಬನದು. ಆಮೇಲೆ ಅವನು ತಾನು ಕಟ್ಟಿದ್ದನ್ನು ನನ್ನದು ಎಂದು ಎಲ್ಲಿಯೂ ಹೇಳಲಿಲ್ಲ.

"ಅವನಿಗೆ ಹೆಸರು ಬೇಕಿರಲಿಲ್ಲ ಮೇರ್ತಾ. ಜೊತೆ ಬೇಕಿತ್ತು," ಎಂದಳು ಇಲ್ವಾ. "ಈಗ ನಾನು ಹೋಗಿ ಅದು ಅವನದು ಅಂದ್ರೆ, ಮತ್ತೆ ಎಲ್ಲಾರೂ ಪಿಟೀಲು ತೊಡೆ ಮೇಲಿಟ್ಕೋತಾರೆ."

"ಅವನಿಗೆ ಬೇಡ, ಸರಿ. ನನಗೆ ಬೇಕು." ಮೇರ್ತಾ ಚಾಕು ಎತ್ತಿಕೊಂಡಳು. "ನಿಂಗೆ?"

ಮೇರ್ತಾ ತೆಳುರೊಟ್ಟಿಗೆ ಬೆಣ್ಣೆ ಸವರಿ ಮುಂದಿಟ್ಟಳು. ಇಲ್ವಾ ಅದನ್ನು ತಿಂದು ಮತ್ತೆ ಮಂಜುಗಡ್ಡೆ ದಾಟಿ ಮನೆಗೆ ಬಂದಳು.

ಶನಿವಾರ ಇಲ್ವಾ ರೇಡಿಯೊ ಸ್ಟೇಷನ್ನಿಗೆ ಹೋದಾಗ ಅಲ್ಲಿನ ಪುಟ್ಟ ಕಾಫಿ ಕೋಣೆಯಲ್ಲಿ ಮೇರ್ತಾ ಆಗಲೇ ಕೂತಿದ್ದಳು, ಪಕ್ಕದಲ್ಲಿ ಥರ್ಮಾಸು, ತೊಡೆಯ ಮೇಲೆ ಪಿಟೀಲಿನ ಪೆಟ್ಟಿಗೆ. ಕರೆದವರು ಯಾರೂ ಇಲ್ಲ. ಟೀರಾ ರೈಲಿಳಿದು ನಡೆದೇ ಬಂದಳು. ಕುಳ್ಳಗಿನ ಹುಡುಗಿ, ಚಳಿಗೆ ಮೂಗು ಕೆಂಪಾಗಿತ್ತು. ಇಲ್ವಾಳ ಕೈ ಹಿಡಿದುಕೊಂಡು ಏನೋ ಹೇಳಹೊರಟಳು.

"ಅದೆಲ್ಲ ಆಮೇಲೆ," ಎಂದಳು ಮೇರ್ತಾ. "ಮೊದ್ಲು ನುಡಿಸು."

ಟೀರಾ ನಿಂತಲ್ಲೇ ನುಡಿಸಿದಳು. ಮೇರ್ತಾ ಕಣ್ಣು ಮುಚ್ಚಿ ಕೇಳಿ, "ಮೂರನೇ ಸುತ್ತು ಎಲ್ಲಿ?" ಎಂದಳು.

"ಮೂರನೇದೊಂದು ಇದ್ಯಾ?"

"ಪಾರ್ಕಿಂಗಲ್ಲಿ ಕಲಿತ್ರೆ ಇಷ್ಟೇ ನೋಡು."

ಮೇರ್ತಾ ಪಿಟೀಲು ತೆಗೆದಳು. ಮೂರನೆಯ ಸುತ್ತನ್ನು ಇಲ್ವಾ ಅಡುಗೆಮನೆಯಲ್ಲಿ ಮಾತ್ರ ಕೇಳಿದ್ದಳು. ಚಳಿ ತೀರಾ ಹೆಚ್ಚಾಗಿ ಎಂಜಿನ್ ಬಿಸಿಯಾಗುವುದು ತಡವಾದ ದಿನ ಅವನು ಅದನ್ನು ನುಡಿಸುತ್ತಿದ್ದ. ಅದು ಕೆಳಗಿನ ತಂತಿಗೆ ಇಳಿದು, ಅಲ್ಲೇ ಸ್ವಲ್ಪ ಸುಳಿದಾಡಿ, ಅವಸರವಿಲ್ಲದೆ ಮೇಲೆ ಬರುತ್ತದೆ.

ಟೀರಾಳ ಕಿವಿ ಚುರುಕು. ಎರಡನೆಯ ಬಾರಿಗೆ ಹಿಡಿದುಕೊಂಡಳು. "ಮೂರನೇ ಏಟು ತಡಿ," ಎಂದು ಮೇರ್ತಾ ಗದರಿದಳು. "ಅಷ್ಟು ಬೇಗ ಬೇಡ. ಬಾಗಿಲ ತನಕ ಹೋದೆ, ಕೈಗವಸು ಮರೆತೆ, ಒಳಗೆ ಬಂದೆ, ತಗೊಂಡೆ. ಈಗ ಇಡು. ಹಾಂ." ಇಲ್ವಾ ಗೋಡೆಗೆ ಒರಗಿ ನಿಂತಿದ್ದಳು. ಅವಳ ಹಿಮ್ಮಡಿ ನೆಲವನ್ನು ತಟ್ಟುತ್ತಿತ್ತು, ಸರಿಯಾದ ತಡದಲ್ಲಿ. ಅದು ಯಾವಾಗ ಶುರುವಾಯಿತೋ ಅವಳಿಗೇ ತಿಳಿಯಲಿಲ್ಲ.

"ಹಾಗಾದ್ರೆ ಇನ್ಮೇಲೆ ಇದು ಮೇರ್ತಾಳಿಂದ ಬಂದದ್ದು ಅಂತ ಹೇಳ್ಬೇಕು ನಾನು," ಎಂದಳು ಟೀರಾ.

"ಮೇರ್ತಾಗೆ ಎಲ್ಲಿಂದ ಬಂತು? ಮಗನಿಂದ." ಮೇರ್ತಾ ಕಮಾನಿನ ತಿರುಪು ಸಡಿಲಿಸಿದಳು. "ಇಲ್ಲಿ ಎಲ್ಲಾರದ್ದೂ ಅಪ್ಪನಿಂದ ಬಂದದ್ದು, ತಾತನಿಂದ ಬಂದದ್ದು. ಮಗನಿಂದ ಬಂದದ್ದು ಅಂತ ಹೇಳ್ಕೊಳ್ಳೋ ಮುದುಕಿ ಈ ಸೀಮೇಲಿ ನಾನೊಬ್ಬಳೇ ಇರಬೇಕು." ಆಮೇಲೆ ಇಲ್ವಾಳ ಕಡೆ ಗಲ್ಲ ಎತ್ತಿದಳು. "ಆದ್ರೆ ಹೇಳೋದು ಬಿಡೋದು ಇವಳಿಗೆ ಸೇರಿದ್ದು. ಮೈಕು ಇವಳದು."

ಕಾರ್ಯಕ್ರಮ ಶುರುವಾಯಿತು. ಬೋರೋಸ್‌ನ ಹುಡುಗ ಬಟ್ಟೆ ಕೋಣೆಗಾಗಿ ಅತ್ತ. ಅಕ್ಕತಂಗಿಯರು ಕುರಿ ಕರೆದರು. ಟೀರಾ, ಮೇರ್ತಾ ಇಬ್ಬರೂ ಸ್ಟುಡಿಯೊದ ಗಾಜಿನ ಒಳಗೆ ಬಂದು ಪಿಟೀಲು ಹಿಡಿದು ನಿಂತರು. ಇಲ್ವಾ ಮೈಕನ್ನು ಹತ್ತಿರ ಎಳೆದುಕೊಂಡಳು. ಬರೆದಿಟ್ಟುಕೊಂಡದ್ದು ಏನೂ ಇರಲಿಲ್ಲ.

"ಮುಂದಿನ ಹಾಡು ನಿನ್ನೆ ಬಂದದ್ದು," ಎಂದಳು. "ಅದರ ಒಳಗೊಂದು ಪೋಲ್ಸ್ಕಾ ಇದೆ. ನಿಮ್ಮಲ್ಲಿ ತುಂಬ ಜನ ಅದನ್ನ ಮೇಳದಲ್ಲಿ ನುಡಿಸಿದೀರಿ. ಹಳೇದು ಅಂತ ತಿಳ್ಕೊಂಡು ನುಡಿಸಿದೀರಿ. ಅದು ಹಳೇದಲ್ಲ. ಹಳೇದು ಅಂತ ನಿಮಗೆ ಹೇಳಿದೋನೇ ಅದನ್ನ ಕಟ್ಟಿದೋನು." ಅವಳು ಉಸಿರು ಎಳೆದುಕೊಂಡಳು. "ಹಾಲ್ವರ್ ಲಿಡೀನ್. ನನ್ನ ಗಂಡ. ಹಳೇದು ಅಂದ್ರೆ ನೀವೆಲ್ಲ ಪಿಟೀಲು ತೆಗೀತೀರಿ ಅಂತ ಹಾಗೆ ಹೇಳ್ದ. ನೀವು ನಂಬಿದ್ರಿ. ಈ ಸೀಮೆಯ ಕಿವಿಗಳನ್ನ ನಂಬಿಸೋದು ಅಂದ್ರೆ ಸಣ್ಣ ಮಾತಲ್ಲ. ಹಾಗೆ ನಂಬಿಸಿದ ಇನ್ನೊಬ್ಬರನ್ನ ನಾನು ಕಂಡಿಲ್ಲ. ಈಗ ಇದು ಹಾಲ್ವರನಿಂದ ಅವನ ತಾಯಿ ಮೇರ್ತಾಗೆ, ಮೇರ್ತಾಳಿಂದ ಟೀರಾಗೆ ಬಂದದ್ದು. ನೀವು ಇಷ್ಟು ದಿನ ನುಡಿಸದ ಮೂರನೇ ಸುತ್ತೂ ಇದೆ. ಮನೇಲಿ ಪಿಟೀಲು ಇದ್ದೋರು ಸುಮ್ನೆ ಕೂತು ಕೇಳಬೇಡಿ. ತೆಗೀರಿ."

ಅವರು ನುಡಿಸಿದರು. ಮೂರು ಸುತ್ತೂ ನುಡಿಸಿ, ಮತ್ತೆ ಮೊದಲಿಗೆ ಬಂದರು. ಟೀರಾ ಮೂರನೆಯ ಏಟನ್ನು ತಡೆದು ತಡೆದು ಇಟ್ಟಳು. ಮೇರ್ತಾ ಗಾಜಿನ ಆಚೆ ಎಲ್ಲೋ ನೋಡುತ್ತಾ, ಯಾರಿಗೋ ತೋರಿಸುವ ಹಾಗೆ, ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಳು.

ಮುಗಿಯುವ ಮೊದಲೇ ಫೋನಿನ ದೀಪ ಮಿನುಗಿತು. ಟೀರಾಳ ಹಾಡು ಹಾಕಿ ಇಲ್ವಾ ಎತ್ತಿಕೊಂಡಳು. ಒಫರ್‌ಡಾಲ್ ಕಡೆಯ ಒಬ್ಬ ಮುದುಕ. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ.

"ಆ ಮೂರನೇ ಸುತ್ತು ಶುರು ಮಾಡೋವಾಗ ಕಮಾನು ಕೆಳಗೆಳೀಬೇಕೋ ಮೇಲೋ?"

ಇಲ್ವಾ ಮೇರ್ತಾಳನ್ನು ಕೇಳಿ ಹೇಳಿದಳು, "ಕೆಳಗೆ."

"ಹಾಗೆ ಅಂದ್ಕೊಂಡೆ. ತಡಿ." ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ಆ ಕಡೆಯಿಂದ ಪಿಟೀಲು ಒರಟಾಗಿ ಎದ್ದು, ಎಡವಿ, ಸರಿಮಾಡಿಕೊಂಡು ಮುಂದೆ ಹೋಯಿತು. ಮೂರನೆಯ ಏಟು ತಾನಾಗಿಯೇ ತಡವಾಗಿ ಬಿತ್ತು. ಅದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಮುದುಕ ಮತ್ತೆ ಫೋನಿಗೆ ಬಂದ. "ಇವತ್ತು ಸಂಜೆ ನಮ್ಮಲ್ಲಿ ನಾಲ್ಕು ಜನ ಸೇರ್ತೀವಿ. ಹೆಸರು ಪೂರ್ತಿ ಹೇಳು. ನುಡಿಸೋಕೆ ಮುಂಚೆ ಹೇಳ್ಬೇಕಲ್ಲ."

"ಹಾಲ್ವರ್ ಲಿಡೀನ್," ಎಂದಳು ಇಲ್ವಾ.

ಮುದುಕ ಅದನ್ನು ತಾನೊಮ್ಮೆ ನಿಧಾನವಾಗಿ ಹೇಳಿಕೊಂಡ. ಇಲ್ವಾ ಕೊನೆಯ ಅಕ್ಷರದವರೆಗೂ ಕಾದು ಕೇಳಿದಳು. ಸರಿಯಾಗಿಯೇ ಹೇಳಿದ್ದ.